ಎಲ್ಲರ ಬಂಡಿಯಲ್ಲಿ ಒಬ್ಬನ ಬಾಟಲಿ

(ಶ್ರಾವಣ ಮಾಸದ ಪ್ರವಚನ ಮಾಲೆಯಲ್ಲಿ ದಯಪಾಲಿಸಿದ ಆಶೀರ್ವಚನ)



ನಿನ್ನೆ ಸಂಜೆ ಪ್ರವಚನ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿಗೆ ತರುಣನೊಬ್ಬ ನಮ್ಮ ಬಳಿಗೆ ಬಂದು ಕುಳಿತ. ಇದೇ ಊರಿನವನು. ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾನೆ. ಕೆಲಸದ ನಿಮಿತ್ತ ಒಂದೆರಡು ಸಲ ಹೊರದೇಶಕ್ಕೂ ಹೋಗಿ ಬಂದಿದ್ದಾನೆ. "ಅಪ್ಪಾರ, ಒಂದ ಮಾತು ಕೇಳ್ತೀನ್ರಿ, ಸಿಟ್ಟಿಗೇಳಬ್ಯಾಡ್ರಿ" ಎಂದ. "ಕೇಳಪಾ" ಎಂದೆವು. "ಬಸ್ಸಿನ್ಯಾಗ, ರೈಲಿನ್ಯಾಗ ಕುಡಿಯೂದಕ್ಕ ನಮ್ಮ ದೇಶದಾಗ ಯಾಕ ಬಿಡೂದಿಲ್ರಿ? ಹೊರಗ ಎಷ್ಟೋ ದೇಶದಾಗ ಬಿಡ್ತಾರ. ಗದ್ದಲ ಮಾಡಿದವರನ್ನ ಹಿಡೀಲಿ, ಬ್ಯಾಡ ಅನ್ನಂಗಿಲ್ಲ. ಸುಮ್ಮನ ಕುಡಿದು ಸುಮ್ಮನ ಕೂಡೂ ಮನಿಷ್ಯಾ ಏನು ತಪ್ಪು ಮಾಡ್ಯಾನ್ರಿ?"

ಸುತ್ತ ಇದ್ದವರಿಗೆ ಗಾಬರಿಯಾಯಿತು. ಹಿರಿಯರೊಬ್ಬರು, "ಮಠದಾಗ ಕೇಳೂ ಮಾತನ ಇದು?" ಎಂದು ಗದರಿಸಲು ಹೋದರು. ನಾವು ಅವರನ್ನು ತಡೆದೆವು. ಮಠದಲ್ಲಿ ಕೇಳದೆ ಮತ್ತೆಲ್ಲಿ ಕೇಳಬೇಕು? ಪ್ರಶ್ನೆಗೆ ಅಂಜಿದ ಗುರು ಗುರುವಲ್ಲ. ಪ್ರಶ್ನೆಯನ್ನು ಹೊರಗೆ ಹಾಕಿದ ಮಠ ಮಠವಲ್ಲ. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ ಕುಳಿತು ಮಾತಾಡಿದರು ಎಂದು ನಾವೇ ಹೇಳುತ್ತೇವೆ. ಹಾಗೆ ಹೇಳುವ ನಾವು ಈ ಹುಡುಗನ ಬಾಯಿ ಮುಚ್ಚಿಸಿದರೆ ಅದು ನ್ಯಾಯವೇ? ಆದುದರಿಂದ ಇಂದಿನ ಪ್ರವಚನಕ್ಕೆ ಅವನ ಪ್ರಶ್ನೆಯನ್ನೇ ತೆಗೆದುಕೊಂಡಿದ್ದೇವೆ.

ಕುಡಿತ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅವನ ಪ್ರಶ್ನೆಯಲ್ಲ. ಅದಕ್ಕೆ ಮಠದ ಉತ್ತರ ಏನೆಂಬುದು ಅವನಿಗೂ ಗೊತ್ತು, ನಿಮಗೂ ಗೊತ್ತು. ಅವನು ಕೇಳಿದ್ದು ಬೇರೆ. ಸರಕಾರವೇ ಪರವಾನಗಿ ಕೊಟ್ಟು ಮಾರಿಸುವ ವಸ್ತುವನ್ನು, ತನ್ನ ದುಡ್ಡಿನಿಂದ ಕೊಂಡು, ತಾನು ಟಿಕೇಟು ತೆಗೆಸಿದ ಸೀಟಿನಲ್ಲಿ ಕುಳಿತು, ಯಾರಿಗೂ ತೊಂದರೆ ಕೊಡದೆ ಕುಡಿದರೆ ಯಾರ ಗಂಟು ಹೋಯಿತು? ಇದು ಅವನ ವಾದ. ವಾದವನ್ನು ತೆಗೆದುಹಾಕುವ ಮೊದಲು ಅದರ ತೂಕ ನೋಡಬೇಕು. ಹೊರದೇಶದ ಮಾತನ್ನು ಅವನು ಸುಳ್ಳು ಹೇಳಲಿಲ್ಲ. ಜಪಾನಿನ ಬುಲೆಟ್ ರೈಲಿನಲ್ಲಿ ಜನ ಬುತ್ತಿಯ ಪೆಟ್ಟಿಗೆಯ ಸಂಗಡ ಬಿಯರು ಇಟ್ಟುಕೊಂಡು ಕೂಡುವುದುಂಟು. ಇಂಗ್ಲೆಂಡಿನಲ್ಲಿ ದೂರ ಹೋಗುವ ಅನೇಕ ರೈಲುಗಳಲ್ಲಿ ಮದ್ಯವನ್ನು ರೈಲಿನವರೇ ಮಾರುತ್ತಾರೆ. ಅಲ್ಲಿಯ ಜನರೆಲ್ಲ ಕೆಟ್ಟವರು, ನಾವೆಲ್ಲ ಒಳ್ಳೆಯವರು ಎಂದು ಹೇಳಿ ಈ ಮಾತನ್ನು ಮುಗಿಸುವ ಹಾಗಿಲ್ಲ.

ಹಾಗಾದರೆ ಎಲ್ಲಿಂದ ವಿಚಾರ ಮಾಡಬೇಕು? ಬಸ್ಸು ಎಂದರೆ ಏನು ಎಂಬಲ್ಲಿಂದ ಮಾಡಬೇಕು.

ಮನೆ ಒಬ್ಬನದು. ಅಂಗಡಿ ಒಬ್ಬನದು. ಸಾರಾಯಿ ಅಂಗಡಿಗೆ ಹೋಗುವವನು ಅದು ಏನೆಂದು ತಿಳಿದೇ ಹೋಗುತ್ತಾನೆ. ಬೇಡವಾದವನು ಅದರ ಮೆಟ್ಟಿಲು ತುಳಿಯುವುದಿಲ್ಲ. ಬಸ್ಸು ಹಾಗಲ್ಲ. ಬಸ್ಸನ್ನು ಏರಿದವನು ಇನ್ನೊಬ್ಬನ ಸಹವಾಸ ಬಯಸಿ ಏರಿದವನಲ್ಲ. ದವಾಖಾನೆಗೆ ಹೋಗಬೇಕು, ಕೋರ್ಟಿಗೆ ಹೋಗಬೇಕು, ಮಗಳ ಬಾಣಂತನಕ್ಕೆ ಹೋಗಬೇಕು ಎಂದು ಏರಿದವನು. ಅವನಿಗೆ ಬೇರೆ ಗತಿ ಇಲ್ಲ. ಕಾರಿದ್ದವನು ಕಾರಿನಲ್ಲಿ ಹೋದ. ಇಲ್ಲದವನು ಬಸ್ಸಿಗೆ ಬಂದ. ಒಮ್ಮೆ ಬಾಗಿಲು ಹಾಕಿ ಗಾಡಿ ಹೊರಟಿತೆಂದರೆ ಮುಂದಿನ ಊರಿನವರೆಗೆ ಅವನು ಎದ್ದು ಹೋಗುವಂತಿಲ್ಲ. ಪಕ್ಕದಲ್ಲಿ ಯಾರು ಕುಳಿತರೂ ಅವರ ಜೊತೆಗೇ ಕೂಡಬೇಕು. ನಾಲ್ಕು ಗೋಡೆಯ ನಡುವೆ, ಭುಜಕ್ಕೆ ಭುಜ ತಾಗಿಸಿ, ಒಂದೇ ಗಾಳಿ ಉಸಿರಾಡಬೇಕು.

ಊರಿನ ಕುಡಿಯುವ ನೀರಿನ ಬಾವಿಯನ್ನು ನೆನೆಯಿರಿ. ಬಾವಿ ಎಲ್ಲರದು. "ನನ್ನ ಬಟ್ಟೆ, ನನ್ನ ಸಾಬೂನು, ನಾನು ಬಾವಿಯೊಳಗೆ ಇಳಿದು ಒಗೆಯುತ್ತೇನೆ, ಸದ್ದು ಮಾಡುವುದಿಲ್ಲ" ಎಂದು ಒಬ್ಬ ಹೇಳಿದರೆ ನೀವು ಒಪ್ಪುತ್ತೀರಾ? ಬಟ್ಟೆ ಅವನದು ನಿಜ, ಸಾಬೂನು ಅವನದು ನಿಜ. ಆದರೆ ನೀರು ಎಲ್ಲರದು. ಹಾಗೆಯೇ ಸೀಟು ಅವನದು, ಬಾಟಲಿ ಅವನದು. ಆದರೆ ಬಸ್ಸಿನೊಳಗಿನ ನೆಮ್ಮದಿ ಎಲ್ಲರದು.

"ನೆಮ್ಮದಿ ಕೆಡಿಸಿದರೆ ತಾನೆ?" ಎಂದು ಆ ಹುಡುಗ ಕೇಳಬಹುದು. ಅದಕ್ಕೆ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ. ಇದನ್ನು ಹೇಳಲು ನಮಗೆ ಸಂಕೋಚವಿದೆ. ಏಕೆಂದರೆ ಅದರಲ್ಲಿ ನಮ್ಮ ತಪ್ಪೂ ಇದೆ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಒಂದು ಶಿವಾನುಭವ ಗೋಷ್ಠಿ ಮುಗಿಸಿಕೊಂಡು ಕೊನೆಯ ಬಸ್ಸಿನಲ್ಲಿ ಮರಳುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಮೂವರು ತರುಣರು. ಒಳ್ಳೆಯ ಮನೆತನದ ಹುಡುಗರಂತೆಯೇ ಕಾಣುತ್ತಿದ್ದರು. ಹಣ್ಣಿನ ರಸದ ಡಬ್ಬಿಯಂತೆ ಕಾಣುವ ಕಾಗದದ ಪೊಟ್ಟಣ ನೀವೂ ನೋಡಿದ್ದೀರಿ. ತೊಂಬತ್ತು ಮಿಲಿಯದು, ಅಂಗಿಯ ಕಿಸೆಯಲ್ಲಿ ಕೂಡುತ್ತದೆ. ಅಂಥವನ್ನು ಒಡೆದು ನೀರಿನ ಬಾಟಲಿಗೆ ಬೆರೆಸಿಕೊಂಡು ಕುಡಿಯತೊಡಗಿದರು. ಗದ್ದಲವಿಲ್ಲ, ಬೈಗುಳವಿಲ್ಲ. ಸ್ವಲ್ಪ ಹೊತ್ತಿಗೆ ನಗು ತುಸು ದೊಡ್ಡದಾಯಿತು. ಒಬ್ಬ ಮೊಬೈಲಿನಲ್ಲಿ ಹಾಡು ಹಚ್ಚಿದ. ಅವರ ಮುಂದಿನ ಸೀಟಿನಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಇದ್ದಳು. ಒಬ್ಬಳೇ. ಮೊದಲು ಅವಳು ಸೆರಗಿನಂತೆ ದುಪಟ್ಟಾ ಹೊದ್ದುಕೊಂಡಳು. ಆಮೇಲೆ ಚೀಲವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಎದ್ದು ಬಂದು ಬಾಗಿಲ ಬಳಿ ನಿಂತಳು. ಸೀಟು ಇದ್ದರೂ ನಿಂತಳು. ಮುಂದಿನ ಊರು ಬಂದ ಕೂಡಲೇ ಇಳಿದುಬಿಟ್ಟಳು. ಕಂಡಕ್ಟರ್, "ತಂಗೀ, ನಿನ್ನ ಟಿಕೇಟು ಇನ್ನ ಮುಂದಿನದು ಐತಲ್ಲ?" ಎಂದ. "ಇಲ್ಲೇ ನಮ್ಮ ಕಾಕಾನ ಮನಿ ಐತ್ರಿ" ಎಂದಳು. ಕಾಕಾನ ಮನೆ ಇತ್ತೋ ಇಲ್ಲವೋ, ಆ ಶಿವನೇ ಬಲ್ಲ. ಬೀದಿದೀಪವಿಲ್ಲದ ನಿಲ್ದಾಣದಲ್ಲಿ ಅವಳು ಮೊಬೈಲು ಕಿವಿಗೆ ಹಿಡಿದು ನಿಂತಿದ್ದಷ್ಟು ನಮಗೆ ಕಂಡಿತು. ಬಸ್ಸು ಮುಂದೆ ಹೋಯಿತು.

ಆ ಹುಡುಗರು ಅವಳನ್ನು ಮುಟ್ಟಲಿಲ್ಲ, ಮಾತಾಡಿಸಲಿಲ್ಲ. ಪೊಲೀಸು ಠಾಣೆಯಲ್ಲಿ ಬರೆಸಲು ಏನೂ ಇಲ್ಲ. "ಏನು ತಪ್ಪು ಮಾಡ್ಯಾನ?" ಎಂದು ಕೇಳಿದರೆ ಕಾಯಿದೆಯ ಲೆಕ್ಕದಲ್ಲಿ ತೋರಿಸುವುದು ಕಷ್ಟ. ಆದರೂ ಇಳಿಯಬೇಕಾದವರು ಇಳಿಯಲಿಲ್ಲ; ಇಳಿಯಬಾರದವಳು ಇಳಿದಳು. ಅಂಜಿಕೆಗೆ ಸದ್ದಿಲ್ಲ, ಬಂಧುಗಳೇ. ಅಂಜಿದವರು ಗದ್ದಲ ಮಾಡುವುದಿಲ್ಲ. ಅವರು ಸುಮ್ಮನೆ ಎದ್ದು ಬಾಗಿಲಿಗೆ ಬರುತ್ತಾರೆ. ಕುಡಿದವನಿಗೆ ತಾನು ಸುಮ್ಮನಿದ್ದೇನೆ ಎಂದು ಅನ್ನಿಸುತ್ತದೆ. ಮದ್ಯ ಮೊದಲು ಮಂಕು ಮಾಡುವುದು ಕೈಕಾಲನ್ನಲ್ಲ, ವಿವೇಕವನ್ನು. ತನ್ನ ದನಿ ಎಷ್ಟು ದೊಡ್ಡದಾಯಿತು, ತನ್ನ ನೋಟ ಎಲ್ಲಿ ನಿಂತಿತು ಎಂದು ಅಳೆಯುವ ತಕ್ಕಡಿಯೇ ಮೊದಲು ತಪ್ಪುತ್ತದೆ. ತಪ್ಪಿದ ತಕ್ಕಡಿಯಿಂದ ತಾನೇ ತೂಗಿ, "ನಾನು ಸರಿಯಾಗಿದ್ದೇನೆ" ಎನ್ನುವುದು ಹೇಗೆ?

ಇನ್ನು ನಮ್ಮ ತಪ್ಪು. ಕಾವಿ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತ ನಾವು ಎಲ್ಲವನ್ನೂ ನೋಡಿದೆವು. ಒಂದು ಮಾತು ಆಡಬಹುದಾಗಿತ್ತು. ಆ ಮಗಳನ್ನು ಕರೆದು ನಮ್ಮ ಪಕ್ಕಕ್ಕೆ ಕೂಡಿಸಿಕೊಳ್ಳಬಹುದಾಗಿತ್ತು. "ನಮಗೇಕೆ" ಎಂದು ಜಪದ ನೆಪದಲ್ಲಿ ಕಣ್ಣು ಮುಚ್ಚಿ ಕುಳಿತೆವು. ಆ ರಾತ್ರಿಯ ಜಪ ಶಿವನಿಗೆ ಮುಟ್ಟಿತೆಂದು ನಮಗೆ ಇಂದಿಗೂ ಅನ್ನಿಸುವುದಿಲ್ಲ.

2023ರ ಜೂನ್ 11ರಿಂದ ನಮ್ಮ ನಾಡಿನಲ್ಲಿ ಶಕ್ತಿ ಯೋಜನೆ ಬಂದು, ಹೆಣ್ಣುಮಕ್ಕಳು ಸರಕಾರಿ ಬಸ್ಸುಗಳಲ್ಲಿ ಪುಕ್ಕಟೆಯಾಗಿ ಓಡಾಡುತ್ತಿದ್ದಾರೆ. ಮನೆ ಬಿಟ್ಟು ಹೊರಡದ ತಾಯಂದಿರೂ ಹೊರಟಿದ್ದಾರೆ. ಇಲ್ಲಿ ಕುಳಿತವರಲ್ಲಿಯೂ ಎಷ್ಟೋ ಜನ ಹಾಗೆಯೇ ಬಂದಿದ್ದೀರಿ. ಟಿಕೇಟಿನ ದುಡ್ಡು ಉಳಿಯಿತು, ಸಂತೋಷ. ಆದರೆ ದುಡ್ಡಿಲ್ಲದೆ ಹತ್ತಿದವಳು ಅಂಜಿಕೆಯಿಂದ ಇಳಿಯುವಂತಾದರೆ ಆ ಯೋಜನೆಯ ಫಲವೇನು?

ಈಗ ಲೋಕ ಏನು ಮಾಡಿದೆ ನೋಡೋಣ. ಆ ತರುಣ ಲಂಡನ್ನಿನ ಹೆಸರು ಹೇಳಿದ. ಲಂಡನ್ ನಮಗೇನೂ ದೂರದ ಊರಲ್ಲ. 2015ರ ನವೆಂಬರಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ಬಸವಣ್ಣನವರ ಪುತ್ಥಳಿ ಅನಾವರಣಗೊಂಡ ಊರು ಅದು. ಅಲ್ಲಿಯ ಬಸ್ಸುಗಳಲ್ಲಿಯೂ ನೆಲದೊಳಗಿನ ರೈಲುಗಳಲ್ಲಿಯೂ ಕುಡಿಯುವ ರೂಢಿ ಬಹಳ ವರ್ಷ ಇತ್ತು. 2008ರಲ್ಲಿ ಆಗತಾನೇ ಮೇಯರ್ ಆಗಿದ್ದ ಬೋರಿಸ್ ಜಾನ್ಸನ್ ಅವರು ಜೂನ್ 1ರಿಂದ ಅದನ್ನು ನಿಲ್ಲಿಸಿದರು. ಕುಡಿಯುವುದಷ್ಟೇ ಅಲ್ಲ, ಬಾಯಿ ತೆರೆದ ಬಾಟಲಿ ಹಿಡಿದುಕೊಂಡು ಕೂಡುವಂತೆಯೂ ಇಲ್ಲ ಎಂದರು. ಹಿಂದಿನ ರಾತ್ರಿ ಸಾವಿರಾರು ಜನ "ಇದೇ ಕಡೆಯ ಕುಡಿತ" ಎಂದು ರೈಲುಗಳಲ್ಲಿ ಕಿಕ್ಕಿರಿದರು. ಗದ್ದಲವಾಗಿ ಕೆಲವು ನಿಲ್ದಾಣಗಳನ್ನೇ ಮುಚ್ಚಬೇಕಾಯಿತು. ಪೊಲೀಸರು ಹಲವರನ್ನು ಹಿಡಿದರು. ಕುಡಿಯುವ ಹಕ್ಕಿಗಾಗಿ ಕೂಡಿದವರೇ, ಆ ಹಕ್ಕು ಏಕೆ ಇರಬಾರದು ಎಂಬುದಕ್ಕೆ ಸಾಕ್ಷಿ ಹೇಳಿ ಹೋದರು. ಆ ನಿಷೇಧ ಅಲ್ಲಿ ಇಂದಿಗೂ ಇದೆ.

ಅದೇ ದೇಶದ ಉತ್ತರ ಭಾಗ ಸ್ಕಾಟ್‌ಲೆಂಡ್. ಅಲ್ಲಿಯ ರೈಲುಗಳಲ್ಲಿ 2012ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 10ರವರೆಗೆ ಕುಡಿಯಬಾರದೆಂದು ನಿಯಮ ಮಾಡಿದರು. 2020ರಲ್ಲಿ ಕೋವಿಡ್ ರೋಗದ ಕಾಲಕ್ಕೆ ಹಗಲಿನಲ್ಲಿಯೂ ನಿಲ್ಲಿಸಿದರು. 2025ರಲ್ಲಿ ಹಗಲಿನ ನಿಷೇಧವನ್ನು ಸಡಿಲಿಸಿ, ರಾತ್ರಿಯದನ್ನು ಉಳಿಸಿಕೊಂಡರು. ಕುಡಿತಕ್ಕೆ ಅವಕಾಶ ಕೊಡುವ ದೇಶವೂ ಕತ್ತಲಾದ ಮೇಲೆ ಬಾಗಿಲು ಹಾಕುತ್ತದೆ. ಏಕೆ? ರಾತ್ರಿಯ ಗಾಡಿಯಲ್ಲಿ ಒಬ್ಬಂಟಿಯಾಗಿ ಕುಳಿತವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದು ಎಲ್ಲ ದೇಶದಲ್ಲಿಯೂ ಒಂದೇ.

ನಮ್ಮ ದೇಶದ ಮಾತಿಗೆ ಬರೋಣ. 1989ರ ರೈಲ್ವೆ ಕಾಯಿದೆಯ 145ನೆಯ ಕಲಮಿನ ಪ್ರಕಾರ ರೈಲಿನಲ್ಲಿ ಅಮಲೇರಿ ಇರುವುದು, ಅಸಭ್ಯವಾಗಿ ನಡೆಯುವುದು, ಹೊಲಸು ಮಾತಾಡುವುದು ಅಪರಾಧ. ಅಂಥವನನ್ನು ರೈಲಿನಿಂದ ಇಳಿಸಬಹುದು. ಆರು ತಿಂಗಳವರೆಗೆ ಸೆರೆವಾಸ, ಐನೂರು ರೂಪಾಯಿವರೆಗೆ ದಂಡ ಹಾಕಬಹುದು. ದಿಲ್ಲಿಯ ಮೆಟ್ರೋದಲ್ಲಿ 2023ರ ಜೂನ್ ಕೊನೆಗೆ, ಮುದ್ರೆ ಒಡೆಯದ ಎರಡು ಬಾಟಲಿಗಳನ್ನು ಒಬ್ಬನು ಒಯ್ಯಬಹುದು ಎಂದರು. ಆದರೆ ಒಳಗೆ ಕುಡಿಯುವಂತಿಲ್ಲ ಎಂದೂ ಸ್ಪಷ್ಟ ಹೇಳಿದರು. ವಿಮಾನದಲ್ಲಿ ಹೋಗುವವರು ಓದುಬರಹ ಬಲ್ಲವರು, ಉಳ್ಳವರು, ಅವರು ಮಿತಿ ಬಲ್ಲರು ಎಂದು ಕೆಲವರ ಭಾವನೆ. 2022ರ ನವೆಂಬರ್ 26ರಂದು ನ್ಯೂಯಾರ್ಕಿನಿಂದ ದಿಲ್ಲಿಗೆ ಬರುತ್ತಿದ್ದ ವಿಮಾನದಲ್ಲಿ ಕುಡಿದ ಪ್ರಯಾಣಿಕನೊಬ್ಬ ವಯಸ್ಸಾದ ತಾಯಿಯೊಬ್ಬರ ಮೇಲೆ ಮೂತ್ರ ಮಾಡಿದನೆಂಬ ದೂರು ಬಂದು ದೇಶವೇ ತಲೆ ತಗ್ಗಿಸಿತು. ಹೆಚ್ಚು ದುಡ್ಡಿನ ಟಿಕೇಟು ವಿವೇಕವನ್ನು ಕಾಯುವುದಿಲ್ಲ. ನಮ್ಮ ದೇಶದ ಒಳಗೇ ಹಾರಾಡುವ ವಿಮಾನಗಳಲ್ಲಂತೂ ಮದ್ಯವನ್ನು ಕೊಡುವುದೇ ಇಲ್ಲ.

ಆದುದರಿಂದ ಆ ತರುಣನಿಗೆ ನಮ್ಮ ಮೊದಲ ಉತ್ತರ ಇದು: ಎಲ್ಲರ ಬಂಡಿಯಲ್ಲಿ ಬಾಟಲಿಯ ಬಾಯಿ ತೆರೆಯಬಾರದು. ಕುಡಿಯುವವನು ಪಾಪಿ ಎಂಬ ಕಾರಣಕ್ಕಲ್ಲ. ಕುಡಿಯದವನಿಗೆ ಎದ್ದು ಹೋಗಲು ದಾರಿಯಿಲ್ಲ ಎಂಬ ಕಾರಣಕ್ಕೆ. ನೀನು ಕುಡಿಯದೆ ಎರಡು ತಾಸು ಕುಳಿತರೆ ನಿನಗೆ ಆಗುವ ನಷ್ಟ ಎರಡು ತಾಸಿನ ಬಯಕೆ. ನೀನು ಕುಡಿದರೆ ಆ ಮಗಳಿಗೆ ಆಗುವ ನಷ್ಟ ಅವಳ ಊರು.

ಬಂಧುಗಳೇ, ಇಲ್ಲಿಗೆ ಮಾತು ಮುಗಿದಿದ್ದರೆ ಎಷ್ಟು ಸುಲಭವಾಗುತ್ತಿತ್ತು! ನೀವು ಚಪ್ಪಾಳೆ ತಟ್ಟಿ ಏಳುತ್ತಿದ್ದಿರಿ. ಆದರೆ ಮಾತು ಇನ್ನೂ ಅರ್ಧವೇ ಆಗಿದೆ. ಉಳಿದ ಅರ್ಧವನ್ನು ನಮಗೆ ಕಲಿಸಿದವನು ಒಬ್ಬ ಕಂಡಕ್ಟರ್.

ಆ ನರ್ಸಿಂಗ್ ಹುಡುಗಿಯ ಪ್ರಸಂಗವಾದ ಮೇಲೆ, ಇನ್ನು ಮುಂದೆ ಸುಮ್ಮನೆ ಕೂಡಬಾರದು ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿದ್ದೆವು. ಮೂರು ವರ್ಷ ಕಳೆದಿರಬೇಕು. ಮತ್ತೊಂದು ರಾತ್ರಿ, ಮತ್ತೊಂದು ಬಸ್ಸು. ಕಬ್ಬು ಕಡಿಯುವ ಕಾಲ, ಚಳಿ ಬಹಳ. ಒಂದು ಕ್ರಾಸಿನಲ್ಲಿ ಸುಮಾರು ನಲವತ್ತು ವಯಸ್ಸಿನವನೊಬ್ಬ ಹತ್ತಿದ. ಕಾಲು ನೆಲಕ್ಕೆ ನಿಲ್ಲುತ್ತಿರಲಿಲ್ಲ. ಬಂದು ಸೀಟಿನಲ್ಲಿ ಕುಸಿದ. ಕಿಸೆಯಿಂದ ಕ್ವಾರ್ಟರ್ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದ. ನಮಗೆ ಹಳೆಯದೆಲ್ಲ ನೆನಪಾಗಿ ಮೈ ಉರಿಯಿತು. ಎದ್ದು ನಿಂತು ಕಂಡಕ್ಟರನನ್ನು ಕರೆದು, "ಈ ಮನುಷ್ಯನನ್ನು ಇಲ್ಲಿಯೇ ಇಳಿಸು" ಎಂದು ಗಟ್ಟಿಯಾಗಿ ಹೇಳಿದೆವು. ಬಸ್ಸಿನ ಜನ ಹೌದು ಹೌದು ಎಂದರು. ಚಾಲಕ ಗಾಡಿ ನಿಲ್ಲಿಸಿದ. ಹೊರಗೆ ಕಗ್ಗತ್ತಲೆ.

ಕಂಡಕ್ಟರ್ ಕೈ ಮುಗಿದ. "ಅಪ್ಪಾರ, ನೀವು ಹೇಳಿದ್ರಂದ್ರ ಇಳಸ್ತೀನ್ರಿ. ಆದ್ರ ಒಂದು ಮಾತು ಕೇಳ್ರಿ. ಇಂವನ ಊರು ಇಲ್ಲಿಂದ ಎಂಟು ಮೈಲಿ ಐತಿ. ಇಳಿಸಿದ್ರ ಇದ ಡಾಂಬರ ಮ್ಯಾಲ ಬೀಳ್ತಾನ. ಹಿಂದಿಂದ ಕಬ್ಬಿನ ಟ್ರ್ಯಾಕ್ಟರ್ ಬರ್ತಾವು, ದೀಪಾ ಇರಂಗಿಲ್ಲ. ನಾಳೆ ಮುಂಜಾನೆ ಇಂವನ ಹೇಣತಿ ಬಂದು ಕೇಳಿದ್ರ ಏನು ಹೇಳ್ಲಿ? ಕುಡದಿದ್ದಾ, ಅದಕ್ಕ ಬಿಟ್ಟು ಬಂದೆ ಅಂತ ಹೇಳ್ಲ್ಯಾ? ಈ ಮನಿಷ್ಯಾ ಕುಡದು ಮೋಟಾರ್ ಸೈಕಲ್ ಹತ್ತಲಿಲ್ರಿ, ಬಸ್ಸು ಹತ್ಯಾನ. ಅಷ್ಟರ ಮಟ್ಟಿಗೆ ಶಾಣ್ಯಾನ ಅದಾನ."

ಹೀಗೆ ಹೇಳಿ ಅವನು ಏನು ಮಾಡಿದ ಗೊತ್ತೆ? ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಕೆಳಗೆ ಇಳಿದು, ಒಳಗಿದ್ದುದನ್ನು ಮಣ್ಣಿಗೆ ಸುರಿದ. ಖಾಲಿ ಬಾಟಲಿಯನ್ನು ತನ್ನ ಚೀಲದಲ್ಲಿ ಹಾಕಿಕೊಂಡ, ರಸ್ತೆಗೆ ಎಸೆಯಲಿಲ್ಲ. ಹೆಣ್ಣುಮಕ್ಕಳು ಕುಳಿತ ಕಡೆಯಿಂದ ಅವನನ್ನು ಎಬ್ಬಿಸಿ ತನ್ನ ಸೀಟಿನ ಪಕ್ಕಕ್ಕೆ ಕೂಡಿಸಿಕೊಂಡ. ವಾಂತಿ ಬಂದರೆ ಇರಲಿ ಎಂದು ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟ. ಎಂಟು ಮೈಲಿಯಾಚೆ ಅವನ ಊರು ಬಂದಾಗ, ನಿಲ್ದಾಣದ ಚಹಾ ಅಂಗಡಿಯವನನ್ನು ಕೂಗಿ ಎಬ್ಬಿಸಿ, "ಇಂವನ್ನ ಮನಿ ಮುಟ್ಟಸಪಾ" ಎಂದು ಒಪ್ಪಿಸಿ ಸೀಟಿ ಊದಿದ.

ಆ ರಾತ್ರಿ ನಾವು ಕೇಳಿದ ಪ್ರವಚನ ಅದು. ಮೊದಲ ಸಲ ಸುಮ್ಮನೆ ಕುಳಿತು ಒಬ್ಬಳನ್ನು ಕತ್ತಲಲ್ಲಿ ಇಳಿಯಗೊಟ್ಟೆವು. ಎರಡನೆಯ ಸಲ ಸಿಟ್ಟಿನಿಂದ ಎದ್ದು ಒಬ್ಬನನ್ನು ಕತ್ತಲಲ್ಲಿ ಇಳಿಸಹೋದೆವು. ಮೌನದಲ್ಲಿಯೂ ತಪ್ಪಿದೆವು, ಮಾತಿನಲ್ಲಿಯೂ ತಪ್ಪಿದೆವು. ನಡುವಿನ ದಾರಿ ಆ ಕಾಯಕಜೀವಿಗೆ ಗೊತ್ತಿತ್ತು. ಅವನು ಬಾಟಲಿಯನ್ನು ಇಳಿಸಿದ, ಮನುಷ್ಯನನ್ನು ಇಳಿಸಲಿಲ್ಲ.

ಆದುದರಿಂದ ಎರಡು ಸಂಗತಿಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಬಸ್ಸಿನಲ್ಲಿ ಕುಡಿಯುವುದು ಬೇರೆ, ಕುಡಿದವನು ಬಸ್ಸಿನಲ್ಲಿ ಮನೆಗೆ ಹೋಗುವುದು ಬೇರೆ. ಮೊದಲನೆಯದನ್ನು ಬಿಡಬಾರದು. ಎರಡನೆಯದನ್ನು ತಡೆಯಬಾರದು. ತಡೆದರೆ ಅವನು ಏನು ಮಾಡುತ್ತಾನೆ? ತನ್ನ ಮೋಟಾರ್ ಸೈಕಲ್ ಹತ್ತುತ್ತಾನೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದವನು ಗಾಡಿ ನಡೆಸಕೂಡದೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. 2019ರ ತಿದ್ದುಪಡಿಯ ತರುವಾಯ ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸ. ಆದರೂ ಹಬ್ಬ ಮುಗಿದ ಮರುದಿನದ ಪತ್ರಿಕೆ ತೆರೆದರೆ ಏನು ಓದುತ್ತೀರಿ? "ಮಜ್ಜಿಗೆ ಕುಡಿದೆ, ನಿಂಬೆಹಣ್ಣು ಹಿಂಡಿಕೊಂಡೆ, ತಣ್ಣೀರಿನ ಸ್ನಾನ ಮಾಡಿದೆ, ಇಳಿದುಹೋಯಿತು" ಎಂದು ಹೇಳಿ ಗಾಡಿ ಹತ್ತುವವರಿದ್ದಾರೆ. ಇದು ಸುಳ್ಳು ನಂಬಿಕೆ. ರಕ್ತಕ್ಕೆ ಸೇರಿದ ಮದ್ಯವನ್ನು ಯಕೃತ್ತು ತನ್ನ ಗತಿಯಲ್ಲಿ, ತಾಸು ತಾಸಿಗೆ ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಮಜ್ಜಿಗೆಯೂ ಕಾಫಿಯೂ ಅದರ ಕೆಲಸವನ್ನು ಬೇಗ ಮಾಡಿಸಲಾರವು. ಕುಡಿದವನಿಗೆ ಸುರಕ್ಷಿತವಾದ ಗಾಡಿ ಒಂದೇ: ಇನ್ನೊಬ್ಬರು ನಡೆಸುವ ಗಾಡಿ. ಆ ಬಾಗಿಲನ್ನು ಅವನಿಗೆ ಮುಚ್ಚಿದರೆ, ಎದುರಿನಿಂದ ಬರುವ ನಮ್ಮ ನಿಮ್ಮ ಮಕ್ಕಳ ಪ್ರಾಣಕ್ಕೆ ಸಂಚಕಾರ.

"ಕಾಯಿದೆಯೇ ಇಳಿಸಬಹುದು ಎನ್ನುತ್ತದಲ್ಲ?" ಎಂದು ನೀವು ಕೇಳಬಹುದು. ಹೊಡೆಯುವವನನ್ನು, ಹೆಣ್ಣುಮಕ್ಕಳ ಮೇಲೆ ಕೈ ಮಾಡುವವನನ್ನು ಇಳಿಸಲೇಬೇಕು. ಆದರೆ ಎಲ್ಲಿ? ದೀಪವಿರುವಲ್ಲಿ, ಜನರಿರುವಲ್ಲಿ, ಪೊಲೀಸರ ಕೈಗೆ. ಅಡವಿಯಲ್ಲಿ ಇಳಿಸುವುದು ನ್ಯಾಯವಲ್ಲ, ಅದು ಸಿಟ್ಟು.

ಶರಣರ ಬಳಗದಲ್ಲಿ ಹೆಂಡದ ಮಾರಯ್ಯನವರೆಂಬ ಹಿರಿಯರಿದ್ದರು. ಅವರ ಕಾಯಕ ಏನಾಗಿತ್ತೆಂಬುದನ್ನು ಅವರ ಹೆಸರೇ ಹೇಳುತ್ತದೆ. ಹೆಂಡ ಮಾರುವವನೆಂದು ಬಸವಾದಿ ಶರಣರು ಅವರನ್ನು ಹೊಸ್ತಿಲ ಹೊರಗೆ ನಿಲ್ಲಿಸಲಿಲ್ಲ, ಒಳಗೆ ಕರೆದರು. ಒಳಗೆ ಬಂದ ಮಾರಯ್ಯನವರು ಹೆಂಡದ ಮಾತನ್ನೇ ಹಿಡಿದು, ಜನರ ಅಮಲು ಬಿಡಿಸುವ ವಚನಗಳನ್ನು ಬರೆದರು. ಹೊರಗೆ ನಿಲ್ಲಿಸಿದ್ದರೆ ಹೆಂಡ ಉಳಿಯುತ್ತಿತ್ತು, ಮಾರಯ್ಯನವರು ಉಳಿಯುತ್ತಿರಲಿಲ್ಲ.

ನಮ್ಮ ಕಾಲದ ಮಾತನ್ನೇ ನೋಡಿರಿ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು, ಕೇರಿ ಕೇರಿ ತಿರುಗಿದರು. ಜೋಳಿಗೆಯಲ್ಲಿ ಜೋಳ ಕೇಳಲಿಲ್ಲ, ರೊಕ್ಕ ಕೇಳಲಿಲ್ಲ. "ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ" ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ನಮ್ಮ ರಾಜ್ಯ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅವರ ಜೋಳಿಗೆಯ ಮರ್ಮವೇನು? ಕುಡುಕನನ್ನು ಬೇಡ ಎನ್ನಲಿಲ್ಲ. ಅವನ ಕುಡಿತವನ್ನು ಮಾತ್ರ ಬೇಡಿ ತೆಗೆದುಕೊಂಡರು. ಆ ಕಂಡಕ್ಟರನ ಚರ್ಮದ ಚೀಲವೂ ಅಂದು ರಾತ್ರಿ ಅಂಥದೇ ಒಂದು ಜೋಳಿಗೆಯಾಗಿತ್ತು.

ಇನ್ನು ಸರಕಾರಕ್ಕೂ ಒಂದು ಮಾತು ಹೇಳಬೇಕು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು, ತಾಯಂದಿರು ಹರಸಿದರು. ಆದರೆ ಸಾರಾಯಿಯ ಪಾಕೀಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂದು ಕುಳಿತಿತು. 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟರು. ಮದ್ಯಪಾನ ನಿಷೇಧಕ್ಕೆ ರಾಜ್ಯ ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಒಂದು ಕೈಯಿಂದ ಪೊಟ್ಟಣ ಕೊಟ್ಟು ಇನ್ನೊಂದು ಕೈಯಿಂದ "ಬಸ್ಸಿನಲ್ಲಿ ಒಡೆಯಬೇಡ" ಎಂದರೆ ನಡುವೆ ಸಿಕ್ಕಿಬೀಳುವವನು ಕಂಡಕ್ಟರ್. ರಾತ್ರಿಯ ಬಸ್ಸಿನಲ್ಲಿ ಐವತ್ತು ಜನರ ನೆಮ್ಮದಿಯನ್ನು ಕಾಯುವ ಭಾರ ಅವನೊಬ್ಬನ ಮೇಲೆ ಬಿದ್ದಿದೆ. ಅಬಕಾರಿಯ ಆ ದುಡ್ಡಿನಲ್ಲಿ ಒಂದು ಪಾಲು ನಿಲ್ದಾಣದ ದೀಪಕ್ಕೆ, ರಾತ್ರಿಯ ಕಾವಲಿಗೆ, ಚಟ ಬಿಡಿಸುವ ದವಾಖಾನೆಗೆ ಹೋಗಲಿ.

ಸರಕಾರಕ್ಕೆ ಹೇಳುವುದು ಸುಲಭ. ನಮಗೆ ನಾವೇ ಹೇಳಿಕೊಳ್ಳುವುದು ಕಷ್ಟ. ಮದುವೆಯ ದಿಬ್ಬಣಕ್ಕೆ ಬಸ್ಸು ಗೊತ್ತು ಮಾಡುತ್ತೀರಿ. ಮುಂದೆ ಹೆಣ್ಣುಮಕ್ಕಳು ಸೋಬಾನೆ ಹಾಡುತ್ತಾರೆ. ಹಿಂದಿನ ಎರಡು ಸೀಟುಗಳಲ್ಲಿ ಏನು ನಡೆಯುತ್ತದೆ? ನಾವು ಹೇಳಬೇಕೆ? ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಪ್ಲಾಸ್ಟಿಕ್ ಗ್ಲಾಸು! ಜಾತ್ರೆಗೆ ಬರುವ ಗಾಡಿಗಳಲ್ಲಿಯೂ ಇದು ನಡೆಯುತ್ತದೆಂದು ನಮ್ಮ ಕಿವಿಗೆ ಬಿದ್ದಿದೆ. ಊರಿನವರಿಗೆಲ್ಲ ಬುದ್ಧಿ ಹೇಳುವ ಮೊದಲು ನಮ್ಮ ಬಂಡಿಯ ಹಿಂದಿನ ಸೀಟನ್ನು ನಾವು ಗುಡಿಸಿಕೊಳ್ಳೋಣ.

ಆದುದರಿಂದ ಈ ಶ್ರಾವಣದಲ್ಲಿ ನಿಮ್ಮಿಂದ ನಾಲ್ಕು ಭಿಕ್ಷೆ ಬೇಡುತ್ತೇವೆ.

ಮೊದಲನೆಯದು: ಮಠಕ್ಕೆ ಬರುವ ಗಾಡಿಯಲ್ಲಿ, ಮದುವೆಗೆ ಹೋಗುವ ಗಾಡಿಯಲ್ಲಿ ಬಾಟಲಿ ಹತ್ತಬಾರದು. ಹಿರಿಯರು ಮುಂದಿನ ಸೀಟು ಬಿಟ್ಟು ಹಿಂದಿನ ಸೀಟಿನಲ್ಲಿ ಕೂಡಿರಿ. ಅಷ್ಟು ಸಾಕು, ಅರ್ಧ ಕುಡಿತ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು: ಬಸ್ಸಿನಲ್ಲಿ ಯಾರಾದರೂ ಕುಡಿಯಲು ತೊಡಗಿದರೆ ನಮ್ಮಂತೆ ಕಣ್ಣು ಮುಚ್ಚಿ ಕೂಡಬೇಡಿರಿ. ಜಗಳಕ್ಕೂ ಹೋಗಬೇಡಿರಿ. ಕಂಡಕ್ಟರನಿಗೆ ಹೇಳಿರಿ, ಅವನ ಬೆನ್ನಿಗೆ ನಿಲ್ಲಿರಿ. ಒಬ್ಬನೇ ಹೇಳಿದರೆ ಜಗಳ, ಹತ್ತು ಜನ ಎದ್ದು ನಿಂತರೆ ನ್ಯಾಯ. ಒಬ್ಬಂಟಿ ಹೆಣ್ಣುಮಗಳಿದ್ದರೆ, "ಬಾರವ್ವಾ, ಇಲ್ಲಿ ಕೂಡು ಬಾ" ಎಂದು ಕರೆಯಿರಿ. ಅವಳು ಅವಳ ಊರಿನಲ್ಲಿಯೇ ಇಳಿಯಲಿ.

ಮೂರನೆಯದು: ಕುಡಿದು ಬಂದವನನ್ನು ಕಂಡು ಬಸ್ಸಿನಲ್ಲಿ ನಗಬೇಡಿರಿ, ಮೊಬೈಲಿನಲ್ಲಿ ಚಿತ್ರ ತೆಗೆಯಬೇಡಿರಿ. ಅವನೂ ಒಬ್ಬ ತಾಯಿಯ ಮಗ. ಮನೆ ಮುಟ್ಟಿಸಿರಿ. ಬುದ್ಧಿಯ ಮಾತು ಬೆಳಗಾದ ಮೇಲೆ ಹೇಳಿರಿ. ಅಮಲಿನವನಿಗೆ ಹೇಳಿದ ಬುದ್ಧಿ ಕಲ್ಲಿನ ಮೇಲೆ ಬಿತ್ತಿದ ಜೋಳ.

ನಾಲ್ಕನೆಯದು: ಮನೆಯಲ್ಲಿ ದಿನವೂ ಕುಡಿಯುವವರಿದ್ದರೆ ಆಣೆ ಮಾಡಿಸಿ ಕೈ ತೊಳೆದುಕೊಳ್ಳಬೇಡಿರಿ. ಬಹಳ ವರ್ಷ ಕುಡಿದ ದೇಹ ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗುತ್ತದೆ, ಕೆಲವರಿಗೆ ಮೂರ್ಛೆಯೂ ಬರುತ್ತದೆ. ವೈದ್ಯರ ಕೈಯಲ್ಲಿ ಬಿಡಿಸಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 14446 ಎಂಬ ಸಂಖ್ಯೆಗೆ ಪುಕ್ಕಟೆಯಾಗಿ ಫೋನು ಮಾಡಿ ಸಲಹೆ ಕೇಳಬಹುದು. ನಾಚಿಕೆ ಬೇಡ. ಜ್ವರಕ್ಕೆ ದವಾಖಾನೆಗೆ ಹೋಗಲು ನಾಚದವರು ಇದಕ್ಕೇಕೆ ನಾಚಬೇಕು?

ಆ ತರುಣ ಇಂದೂ ಬಂದಿದ್ದಾನೆ, ಹಿಂದೆ ಕಂಬಕ್ಕೆ ಒರಗಿ ಕುಳಿತಿದ್ದಾನೆ. ಅಪ್ಪಾ, ನೀನು ಕೇಳಿದ್ದು ಒಳ್ಳೆಯದಾಯಿತು. ಸುಮ್ಮನೆ ಕುಡಿದು ಸುಮ್ಮನೆ ಕೂಡುವವನು ಏನು ತಪ್ಪು ಮಾಡಿದ ಎಂದು ನೀನು ಕೇಳಿದೆ. ಅವನ ಮುಂದಿನ ಸೀಟಿನಿಂದ ಯಾರು ಎದ್ದು ಹೋದರು ಎಂಬುದನ್ನು ಅವನು ನೋಡಲಿಲ್ಲ, ಅಷ್ಟೇ ಅವನ ತಪ್ಪು. ನಾವೂ ಒಮ್ಮೆ ನೋಡಿದರೂ ನೋಡದಂತೆ ಕುಳಿತವರೇ. ಆದುದರಿಂದ ನಿನ್ನ ಮೇಲೆ ನಮಗೆ ಸಿಟ್ಟಿಲ್ಲ. ನಾಳೆ ಬೆಂಗಳೂರಿಗೆ ರಾತ್ರಿಯ ಬಸ್ಸು ಹತ್ತುತ್ತೀಯಲ್ಲ, ಆಗ ಒಮ್ಮೆ ಹಿಂದೆ ಮುಂದೆ ತಿರುಗಿ ನೋಡು. ಯಾರು ಕುಳಿತಿದ್ದಾರೆ, ಯಾರು ಸೀಟಿದ್ದರೂ ನಿಂತಿದ್ದಾರೆ ನೋಡು. ನಿನ್ನ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಕ್ಕೀತು.

ಹತ್ತಿದವರೆಲ್ಲರೂ ತಮ್ಮ ತಮ್ಮ ಊರಿನಲ್ಲಿಯೇ ಇಳಿಯುವಂತಾಗಲಿ. ಬಾಟಲಿಯೊಂದು ಮಾತ್ರ ಹತ್ತದಿರಲಿ. ಗುರು ಬಸವಣ್ಣನವರ ಕೃಪೆ ನಿಮ್ಮೆಲ್ಲರ ಮೇಲಿರಲಿ ಎಂದು ಹಾರೈಸಿ ಇಂದಿನ ಮಾತಿಗೆ ಮಂಗಳ ಹಾಡುತ್ತೇವೆ.